ಕೋಟೆ-ಹೋಟೆಲಿನಲ್ಲಿ ಒಂದು ರಾತ್ರಿ: ಅತ್ತೆಯವರ ಆಸೆ, ಅವರದೇ ಮಂಡಿ ನೋವು. ಯಾವುದು ಬುಕ್ ಮಾಡಲಿ?

ಓದುಗಿತ್ತಿ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರಿನಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಮೂವರೂ ಯುರೋಪಿಗೆ ಹೊರಟಿದ್ದೇವೆ. ಎಲ್ಲೆಲ್ಲಿ ಹೋಗೋದು ಅನ್ನೋದು ಇನ್ನೂ ಗಟ್ಟಿಯಾಗಿಲ್ಲ. ಗಟ್ಟಿಯಾಗಿರೋದು ಒಂದೇ: ಅತ್ತೆಯವರಿಗೆ ಕೋಟೆಯೊಳಗೆ ಮಲಗಬೇಕಂತೆ. ಹಗಲು ಟಿಕೆಟ್ ತಗೊಂಡು ಒಂದು ಸುತ್ತು ಹಾಕಿ ಬರೋದು ಅವರ ಲೆಕ್ಕಕ್ಕಿಲ್ಲ. "ಬಂದವರೆಲ್ಲ ಹೊರಟು ಹೋದ ಮೇಲೆ, ಗೇಟು ಹಾಕಿದ ಮೇಲೆ ನಾವು ಒಳಗಿರಬೇಕು" ಅಂತಾರೆ.

ಅವರಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು. ಹತ್ತೋದು ಹೇಗೋ ಹತ್ತುತ್ತಾರೆ, ಇಳಿಯೋದೇ ಕಷ್ಟ. ಯಜಮಾನರದ್ದು ಇನ್ನೊಂದು ರಾಗ: ಥಂಡಿ ಆಗಬಾರದು, ವೈಫೈ ಬೇಕು, ಮತ್ತೆ "ನಕಲಿ ಕೋಟೆಗೆ ಅಸಲಿ ಬಾಡಿಗೆ ಕೊಡಲ್ಲ".

ಸ್ಪೇನ್, ಪೋರ್ಚುಗಲ್, ಸ್ಕಾಟ್ಲೆಂಡ್, ಜರ್ಮನಿಯ ರೈನ್ ನದಿ ದಂಡೆ, ಈ ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಫೋಟೋ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತೆ: ಗೋಪುರ, ಬಳ್ಳಿ, ಸಂಜೆ ಬೆಳಕು. ಇವುಗಳಲ್ಲಿ ಯಾವುದು ನಿಜವಾಗಿ ಹಳೇದು ಅಂತ ತಿಳಿಯೋದು ಹೇಗೆ? ರೂಮು ಕೇಳುವಾಗ ಏನೇನು ವಿಚಾರಿಸಬೇಕು? ಒಂದು ರಾತ್ರಿ ಸಾಕಾ, ಎರಡು ಬೇಕಾ? ತಂಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಅಲೆಮಾರಿ:

ಕಣ್ಣು ಮುಚ್ಚಿಕೊಂಡು ಸ್ಪೇನಿಗೆ ಹೋಗಿ ಮೇಡಂ. ಅಲ್ಲಿ ಪರಾದೋರ್ ಅಂತ ಸರ್ಕಾರದ್ದೇ ಹೋಟೆಲುಗಳ ಜಾಲ ಇದೆ. ಮೊದಲನೆಯದು ಗ್ರೇದೋಸ್ ಬೆಟ್ಟದಲ್ಲಿ ಶುರುವಾಗಿದ್ದು 1928ರಲ್ಲಿ. ಅದು ಕೋಟೆಯಲ್ಲ, ಆದರೆ ಆಮೇಲೆ ಪಾಳು ಬಿದ್ದ ಕೋಟೆ, ಮಠ, ಅರಮನೆಗಳನ್ನೆಲ್ಲ ಒಂದೊಂದಾಗಿ ಹೋಟೆಲು ಮಾಡುತ್ತಾ ಬಂದರು. ಕಟ್ಟಡ ಉಳಿಯಿತು, ಯಾರೂ ಸುಳಿಯದ ಊರಿಗೆ ಜನ ಬರೋ ಹಾಗಾಯಿತು.

ನನಗೆ ಇಷ್ಟವಾಗಿದ್ದು ಅಲಾರ್ಕೋನ್. ಹೂಕಾರ್ ನದಿ ಹಾವಿನಂತೆ ಬಳಸಿಕೊಂಡು ಹೋಗುವ ಬಂಡೆಯ ಮೇಲೆ ಪುಟ್ಟ ಕೋಟೆ, ಹದಿನಾಲ್ಕೇ ರೂಮು. ಸಂಜೆ ಊರಲ್ಲಿ ಒಂದು ನರಪಿಳ್ಳೆ ಇರಲ್ಲ. ಅತ್ತೆಯವರು ಹೇಳೋ "ಗೇಟು ಹಾಕಿದ ಮೇಲೆ" ಅಂದರೆ ಅದೇ. ದೊಡ್ಡದು ಬೇಕಾದರೆ ಸಿಗ್ವೆನ್ಸಾ ಅಥವಾ ಕಾರ್ದೋನಾ.

ರಾತ್ರಿಪಾಳಿ:

ಓದುಗಿತ್ತಿಯವರೇ, ನಾನು ಅತಿಥಿಯಾಗಿ ಹೋದವನಲ್ಲ. ಸ್ಕಾಟ್ಲೆಂಡಿನ ಒಂದು ಕೋಟೆ-ಹೋಟೆಲಿನಲ್ಲಿ ಕೆಲವು ವರ್ಷ ರಾತ್ರಿ ಡ್ಯೂಟಿ ಮಾಡಿದವನು. ಹೆಸರು ಬೇಡ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಕೋಟೆ ನನ್ನ ಸುಪರ್ದಿಯಲ್ಲಿ ಇರುತ್ತಿತ್ತು. ಅತಿಥಿಗಳು ಸಂಜೆ ಆರಕ್ಕೆ ಫೋಟೋ ತೆಗೆಯುವಾಗ ಹೇಳುವ ಮಾತೇ ಬೇರೆ, ರಾತ್ರಿ ಎರಡಕ್ಕೆ ಫೋನ್ ಮಾಡಿ ಹೇಳುವ ಮಾತೇ ಬೇರೆ. ನನಗೆ ಗೊತ್ತಿರೋದು ಎರಡನೆಯದು.

ಕೋಟೆ ಕಟ್ಟಿದ್ದೇ ಜನ ಒಳಗೆ ಬರಬಾರದು ಅಂತ. ಮೆಟ್ಟಿಲು ಇಕ್ಕಟ್ಟು, ಕಿಟಕಿ ಕಿಂಡಿಯಷ್ಟು, ಬಾಗಿಲು ತಗ್ಗು, ಗೋಡೆ ಒಂದೂವರೆ ಎರಡು ಮೀಟರ್ ದಪ್ಪ. ಆಮೇಲೆ ಬಂದ ಹೋಟೆಲಿನವರು ಇದರೊಳಗೆ ಬಾತ್‌ರೂಮು, ಹೀಟರು, ವೈಫೈ ತುರುಕಬೇಕು. ಅದೂ ಗೋಡೆ ಮುಟ್ಟದೆ. ಇಂಗ್ಲೆಂಡಿನಲ್ಲಿ ಗ್ರೇಡ್ 1, ಸ್ಕಾಟ್ಲೆಂಡಿನಲ್ಲಿ ಎ ವರ್ಗ ಅಂತ ಸಂರಕ್ಷಿತ ಕಟ್ಟಡಗಳ ಪಟ್ಟಿ ಇದೆ. ಅದರಲ್ಲಿ ಸೇರಿದ ಕಟ್ಟಡದ ಕಿಟಕಿಗೆ ಜೋಡಿ ಗಾಜು ಹಾಕಬೇಕಾದರೂ ಮೊದಲು ಅನುಮತಿ ಕೇಳಬೇಕು. ಇನ್ನು ಗೋಡೆ ಕೊರೆದು ಲಿಫ್ಟ್ ಹಾಕುವ ಮಾತು ದೂರವೇ ಉಳಿಯಿತು. "ಇಷ್ಟು ದುಡ್ಡು ತಗೊಂಡು ಲಿಫ್ಟ್ ಇಲ್ವಾ" ಅಂತ ಕೂಗಾಡಿದವರಿಗೆ ಇದನ್ನು ಅರ್ಧ ರಾತ್ರಿಯಲ್ಲಿ ವಿವರಿಸೋದು ನನ್ನ ಪಾಲಿಗೆ ಬರುತ್ತಿತ್ತು.

ಅದಕ್ಕೇ ನನ್ನ ಮಾತು: ಕೋಟೆ ಆರಿಸಬೇಡಿ, ರೂಮು ಆರಿಸಿ. ಮಾಮೂಲಿ ಹೋಟೆಲಿನಲ್ಲಿ 204 ಆದರೂ ಒಂದೇ, 304 ಆದರೂ ಒಂದೇ. ಕೋಟೆಯಲ್ಲಿ ಒಂದರಂತೆ ಇನ್ನೊಂದು ಇರಲ್ಲ. ನಮ್ಮಲ್ಲಿ ಒಂದು ಗೋಪುರದ ರೂಮಿತ್ತು. ಜಾಹೀರಾತಿನಲ್ಲೆಲ್ಲ ಅದೇ. ಅದಕ್ಕೆ ಹೋಗಬೇಕಾದರೆ ಸುರುಳಿ ಮೆಟ್ಟಿಲು. ಕಲ್ಲಿನ ಮೆಟ್ಟಿಲು, ಒಳಗಿನ ತುದಿ ನಾಲ್ಕು ಬೆರಳು ಅಗಲ, ಹೊರಗಿನ ತುದಿ ಪಾದ ಇಡುವಷ್ಟು. ನೂರಾರು ವರ್ಷದ ಕಾಲು ಸವೆಸಿ ನಡುವೆ ತಗ್ಗು ಬಿದ್ದಿದೆ, ಮಳೆಗಾಲದ ತೇವಕ್ಕೆ ಜಾರುತ್ತೆ. ಹಿಡಿದುಕೊಳ್ಳೋಕೆ ಗೋಡೆಗೆ ಕೊಂಡಿ ಹಾಕಿ ಬಿಗಿದ ಹಗ್ಗ. ಹಗ್ಗ ಹೊರಗೋಡೆಯ ಕಡೆಗಿತ್ತು, ಹತ್ತುವಾಗ ಎಡಗೈಗೆ, ಇಳಿಯುವಾಗ ಬಲಗೈಗೆ ಸಿಗುತ್ತೆ. ಅಕ್ಕಪಕ್ಕ ಇಬ್ಬರು ನಡೆಯೋಕೆ ಆಗಲ್ಲ, ಹಾಗಾಗಿ ಅತ್ತೆಯವರ ಕೈ ಹಿಡಿದು ಇಳಿಸುತ್ತೀನಿ ಅನ್ನೋದನ್ನ ಮರೆತುಬಿಡಿ. ಸೂಟ್‌ಕೇಸು ಹೊತ್ತವನ ಕಥೆ ನಾನೇ ಹೇಳಬಲ್ಲೆ, ಹೊತ್ತವನು ನಾನೇ.

(ನಡುವೆ ಒಂದು ಮಾತು. ಯಾವ ಕೋಟೆಗೆ ಹೋದರೂ ಗೈಡು ಹೇಳೇ ಹೇಳುತ್ತಾನೆ: ಮೆಟ್ಟಿಲು ಬಲಕ್ಕೆ ತಿರುಗೋದು ಮೇಲಿನಿಂದ ಬಲಗೈಲಿ ಕತ್ತಿ ಬೀಸೋಕೆ ಅನುಕೂಲ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಮಧ್ಯಯುಗದ ಯಾವ ಬರಹದಲ್ಲೂ ಇದಕ್ಕೆ ಆಧಾರ ಸಿಕ್ಕಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹಬ್ಬಿದ ಕಥೆ. ಎಡಕ್ಕೆ ತಿರುಗುವ ಮೆಟ್ಟಿಲೂ ಬೇಕಾದಷ್ಟಿವೆ.)

ಹಾಗಾಗಿ ಬುಕ್ ಮಾಡೋ ಮುಂಚೆ ಮೇಲ್ ಬರೆಯಿರಿ. "ಲಿಫ್ಟ್ ಇದೆಯಾ" ಅಂತ ಕೇಳಬೇಡಿ, "ಇದೆ" ಅಂತಾರೆ, ಆದರೆ ಅದು ಪಕ್ಕದ ಹೊಸ ಕಟ್ಟಡದಲ್ಲಿ ಇರುತ್ತೆ. "ಕಾರು ನಿಲ್ಲಿಸೋ ಜಾಗದಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು, ಹಿಡಿಕೆ ಯಾವ ಕಡೆ, ತಿಂಡಿ ಕೋಣೆಗೆ ಮತ್ತೆ ಎಷ್ಟು" ಅಂತ ಕೇಳಿ. ಉತ್ತರದಲ್ಲಿ ಅಂಕಿ ಬಂದರೆ ಆ ಹೋಟೆಲನ್ನು ನಂಬಬಹುದು. "ಕೆಲವು ಮೆಟ್ಟಿಲುಗಳಿವೆ" ಅಂತ ಬಂದರೆ ಬೇರೆ ನೋಡಿ. ಮಂಚದಿಂದ ಬಾತ್‌ರೂಮಿಗೆ ಮೆಟ್ಟಿಲಿದೆಯಾ ಅಂತಲೂ ಕೇಳಿ. ನಗಬೇಡಿ. ಹಳೇ ಗೋಡೆಯೊಳಗಿನ ಪಾಯಿಖಾನೆ ಗೂಡನ್ನೇ ಇವತ್ತಿನ ಬಾತ್‌ರೂಮು ಮಾಡಿರುವ ಕಡೆ ಎರಡು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಾಗುತ್ತೆ, ಅದೂ ರಾತ್ರಿ, ನಿದ್ದೆಗಣ್ಣಲ್ಲಿ.

ಥಂಡಿ ವಿಚಾರ. ಇಷ್ಟು ದಪ್ಪದ ಕಲ್ಲು ಬಿಸಿಯಾಗೋದೂ ನಿಧಾನ, ತಣ್ಣಗಾಗೋದೂ ನಿಧಾನ. ನಮ್ಮಲ್ಲಿ ಏಪ್ರಿಲಿನಲ್ಲಿ ಹೊರಗೆ ಬಿಸಿಲಿದ್ದರೂ ಒಳಗೆ ಕಂಬಳಿ ಕೇಳುವ ಫೋನು ನಿಲ್ಲುತ್ತಿರಲಿಲ್ಲ, ಅಕ್ಟೋಬರಿನಲ್ಲಿ ಅಷ್ಟಿರಲಿಲ್ಲ. ನೀವು ಆರಿಸಿರೋ ತಿಂಗಳು ಒಳ್ಳೇದೇ. ಕಷ್ಟ ಆಗೋದು ಗಾಳಿಯಿಂದಲ್ಲ, ಗೋಡೆಯಿಂದ. ರೂಮಿನ ಗಾಳಿ ಬೆಚ್ಚಗಿದ್ದರೂ ಪಕ್ಕದ ತಣ್ಣನೆ ಗೋಡೆ ಮೈಯ ಬಿಸಿ ಎಳೆದುಕೊಳ್ಳುತ್ತೆ. ಹಿಂದಿನವರು ಗೋಡೆ ಪೂರ್ತಿ ಚಿತ್ರ ನೇಯ್ದ ದಪ್ಪ ಬಟ್ಟೆ ಇಳಿಬಿಡುತ್ತಿದ್ದದ್ದು ಅಂದಕ್ಕಷ್ಟೇ ಅಲ್ಲ. ಮಂಚ ಹೊರಗೋಡೆಗೆ ಒತ್ತಿದ್ದರೆ ಒಂದು ಮೊಳ ಈಚೆ ಎಳೆಸಿಕೊಳ್ಳಿ. ಹೇಳಿದರೆ ಮಾಡಿಕೊಡುತ್ತಾರೆ.

ವೈಫೈ ಅದೇ ಗೋಡೆಗೆ ಬಲಿ. ಯಜಮಾನರಿಗೆ ಕೆಳಗಿನ ಹಾಲ್‌ನಲ್ಲಿ ಬೆಂಕಿಗೂಡಿನ ಪಕ್ಕ ಕುರ್ಚಿ ಹಾಕಿಸಿ, ಅಲ್ಲಿ ಸಿಗುತ್ತೆ.

ಇನ್ನು ನಿದ್ದೆ ಕೆಡಿಸೋದು ದೆವ್ವ ಅಲ್ಲ, ಮದುವೆ. ಕೋಟೆ-ಹೋಟೆಲುಗಳ ಹೊಟ್ಟೆ ತುಂಬೋದು ಬಹುಪಾಲು ಮದುವೆಯಿಂದ. ಶುಕ್ರವಾರ ಶನಿವಾರ ಬಂತೆಂದರೆ ದೊಡ್ಡ ಹಾಲ್‌ನಲ್ಲಿ ಬ್ಯಾಂಡು, ಅಂಗಳದಲ್ಲಿ ಹಾಡು. ಪಕ್ಕದ ರೂಮಿನ ಸದ್ದು ಕಲ್ಲುಗೋಡೆ ದಾಟಲ್ಲ, ನಿಜ. ಮೇಲಿನ ಮಹಡಿಯದ್ದು ಮರದ ಹಲಗೆ ನೆಲ, ಅಲ್ಲಿ ಯಾರಾದರೂ ಹೈಹೀಲ್ಸ್ ಹಾಕಿ ನಡೆದರೆ ನಿಮ್ಮ ತಲೆ ಮೇಲೆ ನಡೆದ ಹಾಗೆ. "ನಾವು ಬರೋ ದಿನ ಮದುವೆ ಇದೆಯಾ" ಅಂತ ನೇರವಾಗಿ ಕೇಳಿ. ಸೋಮವಾರದಿಂದ ಗುರುವಾರದೊಳಗೆ ಬುಕ್ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಅಸಲಿ ನಕಲಿ ಪ್ರಶ್ನೆಗೆ ಬರ್ತೀನಿ. ಸ್ಕಾಟ್ಲೆಂಡಿನಲ್ಲಿ ಫೋರ್ಟ್ ವಿಲಿಯಂ ಹತ್ತಿರ ಇನ್ವರ್‌ಲಾಕಿ ಕ್ಯಾಸಲ್ ಅಂತ ಹೆಸರಾಂತ ಹೋಟೆಲಿದೆ. ಅದು 1863ರಲ್ಲಿ ಶ್ರೀಮಂತರೊಬ್ಬರು ಕಟ್ಟಿಸಿದ ದೊಡ್ಡ ಮನೆ. 1873ರಲ್ಲಿ ವಿಕ್ಟೋರಿಯಾ ರಾಣಿ ಒಂದು ವಾರ ತಂಗಿದ್ದಳು. ಅದೇ ಹೆಸರಿನ ಹದಿಮೂರನೇ ಶತಮಾನದ ಅಸಲಿ ಕೋಟೆ ಹತ್ತಿರದಲ್ಲೇ ಪಾಳು ಬಿದ್ದಿದೆ, ಅದಕ್ಕೆ ಸೂರೇ ಇಲ್ಲ, ಮಲಗೋದೆಲ್ಲಿ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಗೋಪುರ ಇಟ್ಟು ಮನೆ ಕಟ್ಟಿಸೋದು ಫ್ಯಾಷನ್ನು. ಅವುಗಳಲ್ಲಿ ಮೆಟ್ಟಿಲು ಅಗಲ, ಕಿಟಕಿ ದೊಡ್ಡದು, ಎಲ್ಲ ರೂಮಿಗೂ ಬೆಂಕಿಗೂಡು. ನಕಲಿ ಅನ್ನೋದು ತಪ್ಪು. ವಾಸಕ್ಕೇ ಕಟ್ಟಿದ್ದು, ಯುದ್ಧಕ್ಕಲ್ಲ. ಮಂಡಿ ನೋವಿನವರಿಗೆ ನಾನಾದರೆ ಇಂಥದ್ದನ್ನೇ ಹೇಳುವೆ.

ಇಂಗ್ಲೆಂಡಿನ ಥಾರ್ನ್‌ಬರಿ ಕೋಟೆ-ಹೋಟೆಲು ಎರಡರ ನಡುವಿನದ್ದು. ಬಕಿಂಗ್‌ಹ್ಯಾಮ್ ಡ್ಯೂಕ್ 1511ರ ಸುಮಾರಿಗೆ ಕಟ್ಟಿಸೋಕೆ ಶುರು ಮಾಡಿದ. 1521ರಲ್ಲಿ ದೊರೆ ಎಂಟನೇ ಹೆನ್ರಿ ರಾಜದ್ರೋಹದ ಆರೋಪ ಹೊರಿಸಿ ಅವನ ತಲೆ ತೆಗೆಸಿದ, ಕೋಟೆಯನ್ನೂ ತಾನೇ ಇಟ್ಟುಕೊಂಡ. 1535ರಲ್ಲಿ ತನ್ನ ರಾಣಿ ಆನ್ ಬೊಲಿನ್ ಜೊತೆ ಬಂದು ತಂಗಿದ್ದ, ಮುಂದಿನ ವರ್ಷ ಅವಳ ತಲೆಯೂ ಹೋಯಿತು. ಕಟ್ಟಡ ಅರ್ಧಕ್ಕೇ ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಾಣುತ್ತೆ.

ಕಂದಕ:

ನಾನು ಎದುರು ಮಾತಾಡೋನು ಅಂತ ಗೊತ್ತು, ಆದರೂ ಹೇಳ್ತೀನಿ. ಕೋಟೆಯೊಳಗೆ ಮಲಗೋಕೆ ಸಿರಿವಂತರ ಹೋಟೆಲೇ ಯಾಕೆ? ಜರ್ಮನಿಯ ಆಲ್ಟೆನಾ ಅನ್ನೋ ಕೋಟೆಯಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಮೇಷ್ಟ್ರು ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆದದ್ದು. ಕೋಟೆ ದುರಸ್ತಿ ಮುಗಿಯುವ ಹೊತ್ತಿಗೆ, 1912ರಲ್ಲಿ. ಆ ಕಾಲದ ಮರದ ಅಟ್ಟಣೆ ಮಂಚಗಳನ್ನ ಹಾಗೇ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ರೈನ್ ದಂಡೆಯಲ್ಲಿ ಬಾಖರಾಖ್ ಊರಿನ ಮೇಲಿರೋ ಸ್ಟಾಲೆಕ್ ಕೋಟೆ ಪೂರ್ತಿ ಯೂತ್ ಹಾಸ್ಟೆಲ್ಲೇ. ವಯಸ್ಸಿನ ಮಿತಿ ಇಲ್ಲ, ಕುಟುಂಬಕ್ಕೂ ರೂಮು ಕೊಡುತ್ತಾರೆ, ಅಂಗಳದಿಂದ ನದಿ ನೋಡೋಕೆ ಯಾವ ರಾಜನ ಅಪ್ಪಣೆಯೂ ಬೇಡ.

ಇನ್ನೊಂದು. ಸ್ಟಾಲೆಕ್ ಅನ್ನು 1689ರಲ್ಲಿ ಫ್ರೆಂಚ್ ಸೈನ್ಯ ಸಿಡಿಸಿ ಹಾಕಿತ್ತು. ಎರಡು ಶತಮಾನಕ್ಕೂ ಹೆಚ್ಚು ಪಾಳು. ಈಗ ನಿಂತಿರೋದು ಬಹುತೇಕ ಇಪ್ಪತ್ತನೇ ಶತಮಾನದಲ್ಲಿ ಹಳೇ ಪಾಯದ ಮೇಲೆ ಎಬ್ಬಿಸಿದ್ದು. ಹತ್ತಿರದ ಓಬರ್‌ವೇಸೆಲ್‌ನ ಶೋನ್‌ಬುರ್ಗ್ ಕೂಡ 1689ರಲ್ಲೇ ಸುಟ್ಟಿದ್ದು, ಹತ್ತೊಂಬತ್ತನೇ ಶತಮಾನದ ಕೊನೆಗೆ ರಿಪೇರಿ ಆಗಿದ್ದು, ಈಗ ಒಳ್ಳೇ ಹೋಟೆಲು. "ಅಸಲಿ"ಗೆ ಅಷ್ಟು ಹಟ ಹಿಡಿದರೆ ರೈನ್ ದಂಡೆಯಲ್ಲಿ ಮರದ ಕೆಳಗೆ ಮಲಗಬೇಕಾದೀತು ಅಂತ ನಿಮ್ಮ ಯಜಮಾನರಿಗೆ ಹೇಳಿ.

ಮತ್ತೆ "ಕೋಟೆ ಹೋಟೆಲ್" ಅಂತ ಬೋರ್ಡು ಇದ್ದ ಮಾತ್ರಕ್ಕೆ ಕೋಟೆಯೊಳಗೆ ಅಂತಲ್ಲ. ವಾರ್ಟ್‌ಬುರ್ಗ್‌ಗೆ ಹೋಗಿ ನೋಡಿ. ಮಾರ್ಟಿನ್ ಲೂಥರ್ ಬೈಬಲಿನ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದ ಕೋಟೆ. ಹೋಟೆಲಿರೋದು ಅದರ ಮಗ್ಗುಲಲ್ಲಿ, ಕಟ್ಟಿದ್ದು 1914ರಲ್ಲಿ. ಸ್ಪೇನಿನ ಹಾಯೆನ್ ಪರಾದೋರ್ ಕೂಡ ಅಷ್ಟೇ: ಹಳೇ ಕೋಟೆಯ ಪಕ್ಕ, ಅದೇ ಶೈಲಿಯಲ್ಲಿ 1960ರ ದಶಕದಲ್ಲಿ ಕಟ್ಟಿದ್ದು. ನೋಡಿದವರು ಮಧ್ಯಯುಗದ್ದೇ ಅಂದುಕೊಳ್ಳುತ್ತಾರೆ.

ಅಲೆಮಾರಿ:

ಹಾಯೆನ್ ವಿಷಯ ನಿಜ ಕಂದಕ ಸಾರ್, ಆದರೆ ಆ ಊಟದ ಹಾಲ್‌ನ ಕಮಾನುಗಳ ಕೆಳಗೆ ಕೂತರೆ ಇಸವಿ ಯಾರಿಗೆ ಬೇಕು? ಫ್ರಾನ್ಸಿನ ಅಧ್ಯಕ್ಷರಾಗಿದ್ದ ದಿ ಗೋಲ್ ಅಧಿಕಾರ ಬಿಟ್ಟ ಮೇಲೆ, 1970ರಲ್ಲಿ, ಅಲ್ಲೇ ಬಂದು ತಂಗಿದ್ದರು.

ಕಾರ್ದೋನಾದಲ್ಲಿ ಒಂದು ರೂಮಿದೆಯಂತೆ, 712. ಕೇಳಿದವರಿಗೆ ಮಾತ್ರ ಕೊಡೋದು ಅಂತ ಮಾತಿದೆ. ಪೀಠೋಪಕರಣ ಅದರಷ್ಟಕ್ಕೆ ಅದು ಸರಿಯುತ್ತಂತೆ. ಅತ್ತೆಯವರಿಗೆ ಬೇಕಾ ಕೇಳಿ 😄

ರಾತ್ರಿಪಾಳಿ:

ದೆವ್ವದ ಬಗ್ಗೆ ನನ್ನ ವರದಿ. ನಮ್ಮಲ್ಲಿ ಎರಡನೇ ಮಹಡಿಯಲ್ಲಿ "ನಡುರಾತ್ರಿ ಯಾರೋ ಬಾಗಿಲು ಹಾಕಿದರು" ಅಂತ ತಿಂಗಳಿಗೊಮ್ಮೆಯಾದರೂ ದೂರು. ಬೆಂಕಿ ಬಿದ್ದರೆ ಹೊಗೆ ಹರಡದಿರಲಿ ಅಂತ ಓಣಿಗಳಲ್ಲಿ ದಪ್ಪ ಬಾಗಿಲು ಕೂರಿಸಿರುತ್ತಾರೆ, ಮೇಲೆ ಸ್ಪ್ರಿಂಗಿನ ತೋಳು. ಯಾರಾದರೂ ನೀರು ಕುಡಿಯೋಕೆ ಎದ್ದು ಅದನ್ನ ತೆಗೆದು ಬಿಟ್ಟರೆ ಅರ್ಧ ನಿಮಿಷ ನಿಧಾನವಾಗಿ ಬಂದು ಕೊನೆಗೆ ಧಡ್ ಅಂತ ಮುಚ್ಚುತ್ತೆ. ಅಷ್ಟು ಹೊತ್ತಿಗೆ ಆಸಾಮಿ ರೂಮು ಸೇರಿರುತ್ತಾನೆ. ಓಣಿಯಲ್ಲಿ ನೋಡಿದರೆ ಯಾರೂ ಇಲ್ಲ. ಗೋಡೆ ಬಡಿದ ಸದ್ದು ಅಂದರೆ ಬಿಸಿನೀರಿನ ಪೈಪು ಹಿಗ್ಗೋದು. ಹೆಂಗಸಿನ ಸಿಳ್ಳು ಅಂದರೆ ಬಾಣದ ಕಿಂಡಿಯಲ್ಲಿ ಗಾಳಿ. ಚಿಮಣಿಯೊಳಗೆ ಗುಸುಗುಸು ಅಂದರೆ ಜಾಕ್‌ಡಾ ಹಕ್ಕಿ, ಕಾಗೆ ಜಾತಿಯದು, ಗೂಡು ಕಟ್ಟೋಕೆ ಅದಕ್ಕೆ ಚಿಮಣಿಯೇ ಬೇಕು. ನಾನು ಇದನ್ನೆಲ್ಲ ಅತಿಥಿಗಳಿಗೆ ಹೇಳಬಾರದು ಅಂತ ಮ್ಯಾನೇಜರ್ ತಾಕೀತು ಮಾಡಿದ್ದರು, ವ್ಯಾಪಾರ ಕೆಡುತ್ತೆ ಅಂತ.

ಓದುಗಿತ್ತಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ವಿಕ್ಟೋರಿಯಾ ರಾಣಿ ತಂಗಿದ್ದ ಮನೆ ಅವರಿಗೆ ಬೇಡವಂತೆ, "ಅದು ಬಂಗಲೆ ಕಣೇ" ಅಂದರು. ದೆವ್ವದ ರೂಮಿಗೆ ಮಾತ್ರ ಇಲ್ಲ ಅನ್ನಲಿಲ್ಲ, ಎಷ್ಟು ಮೆಟ್ಟಿಲು ಅಂತ ಕೇಳಿದರು.

ಈಗ ಪೋರ್ಚುಗಲ್ ಮೇಲೆ ಮನಸ್ಸಾಗಿದೆ. ಒಬಿದುಶ್ ಅಥವಾ ಇಷ್ಟ್ರೆಮೋಶ್. ಎರಡರ ಬಗ್ಗೆ ಯಾರಿಗಾದರೂ ಗೊತ್ತಾ?

ಕಂದಕ:

ಒಬಿದುಶ್ ಸುತ್ತ ಊರಗೋಡೆ ಇರೋ ಪುಟ್ಟ ಊರು, ರಾಜರು ರಾಣಿಯರಿಗೆ ಉಡುಗೊರೆ ಕೊಡುತ್ತಿದ್ದ ಊರು. ಕೋಟೆ 1755ರ ಭೂಕಂಪಕ್ಕೆ ಸಿಕ್ಕಿ ಜಖಂ ಆಗಿತ್ತು. ಇಪ್ಪತ್ತನೇ ಶತಮಾನದಲ್ಲಿ ದುರಸ್ತಿ ಮಾಡಿ, 1950ರ ಆಸುಪಾಸಿನಲ್ಲಿ ಪೌಸಾದಾ ಮಾಡಿದರು. ಅಲ್ಲಿನ ಪರಾದೋರ್ ಅಂದುಕೊಳ್ಳಿ. ಹಳೇ ಸ್ಮಾರಕದೊಳಗೆ ಪೌಸಾದಾ ಮಾಡಿದ್ದರಲ್ಲಿ ಅದೇ ಮೊದಲು. ಹಗಲು ಬಸ್ಸುಗಟ್ಟಲೆ ಜನ, ಸಂಜೆ ಖಾಲಿ. ಅತ್ತೆಯವರ ಆಸೆಗೆ ಹೇಳಿಮಾಡಿಸಿದ ಹಾಗಿದೆ. ಆದರೆ ಬೀದಿಯೆಲ್ಲ ಉರುಟು ಕಲ್ಲು ಹಾಸಿದ ಏರು, ಮಂಡಿಗೆ ಅದೇ ಶತ್ರು. ಗೋಪುರದ ರೂಮು ಕೊಡ್ತೀವಿ ಅಂದರೆ ಬೇಡ ಅನ್ನಿ.

ಇಷ್ಟ್ರೆಮೋಶ್ ಬೇರೆ ಥರ. ರಾಣಿ ಇಜಾಬೆಲ್ 1336ರಲ್ಲಿ ತೀರಿಕೊಂಡದ್ದು ಆ ಕೋಟೆಯಲ್ಲೇ, ಆಮೇಲೆ ಅವಳನ್ನ ಸಂತಳೆಂದು ಘೋಷಿಸಿದರು, ಹೋಟೆಲಿಗೆ ಮೊದಲು ಅವಳದ್ದೇ ಹೆಸರಿತ್ತು. 1698ರಲ್ಲಿ ಮದ್ದಿನ ಮನೆ ಸಿಡಿದು ಅರಮನೆ ನೆಲಸಮ ಆಯಿತು. ಈಗಿನ ಕಟ್ಟಡ ಹದಿನೆಂಟನೇ ಶತಮಾನದಲ್ಲಿ ದೊರೆ ಐದನೇ ಜುವಾಂವ್ ಆಯುಧಶಾಲೆಗೆಂದು ಎಬ್ಬಿಸಿದ್ದು. ಪಕ್ಕದ ಅಮೃತಶಿಲೆಯ ಗೋಪುರ ಮಾತ್ರ ಮಧ್ಯಯುಗದ್ದು. ಹಾಗಾಗಿ ಯಜಮಾನರಿಗೆ ಅಸಲಿ ಗೋಪುರ, ಅತ್ತೆಯವರಿಗೆ ಅಗಲ ಮೆಟ್ಟಿಲು.

ರಾತ್ರಿಪಾಳಿ:

ಕಂದಕ ಅವರ ಎರಡನೇ ಪ್ಯಾರಾಕ್ಕೆ ನನ್ನ ಓಟು. ಆಯುಧಶಾಲೆ ಅಂದರೆ ಅರಮನೆ ಲೆಕ್ಕದಲ್ಲಿ ಕಟ್ಟಿದ ಎತ್ತರದ ಹಾಲುಗಳು. ಆದರೂ ಮೇಲ್ ಬರೆದು ಮೆಟ್ಟಿಲ ಲೆಕ್ಕ ಕೇಳಿ, ನನ್ನ ಮಾತಿನ ಮೇಲೆ ದುಡ್ಡು ಕಟ್ಟಬೇಡಿ.

ಒಂದು ರಾತ್ರಿಯೋ ಎರಡೋ ಅಂತ ಕೇಳಿದ್ದಿರಿ. ಎರಡು. ಒಂದೇ ರಾತ್ರಿ ಅಂದರೆ ಮೂರಕ್ಕೆ ಚೆಕ್ ಇನ್, ಬೆಳಿಗ್ಗೆ ಹನ್ನೊಂದಕ್ಕೆ ಹೊರಗೆ, ನಡುವೆ ಸಾಮಾನು ಬಿಚ್ಚಿ ಕಟ್ಟೋದೇ ಆಯಿತು. ಎರಡನೇ ದಿನ ಸಂಜೆ ಐದರ ಮೇಲೆ, ಹಗಲಿನ ಜನ ಹೋದ ಮೇಲೆ, ಅಂಗಳದಲ್ಲಿ ಸುಮ್ಮನೆ ಕೂರೋದಕ್ಕೆ ಇಷ್ಟು ದೂರ ಹೋಗೋದು. ಎರಡಕ್ಕೂ ಕೈಲಾಗದಿದ್ದರೆ ಎರಡನೇ ರಾತ್ರಿ ಊರೊಳಗಿನ ಸಾದಾ ಹೋಟೆಲಿಗೆ ಬದಲಾಯಿಸಿ. ಆದರೆ ಮೊದಲ ರಾತ್ರಿ ಕೋಟೆಯದ್ದೇ ಇರಲಿ, ಆ ದಿನ ಪ್ರಯಾಣದ ಆಯಾಸ ಇರದ ಹಾಗೆ ನೋಡಿಕೊಳ್ಳಿ.

ಗಾಲಿ ಇರೋ ದೊಡ್ಡ ಸೂಟ್‌ಕೇಸು ಉರುಟು ಕಲ್ಲಿನ ಮೇಲೆ ಉರುಳಲ್ಲ. ಅದನ್ನ ಕಾರಿನಲ್ಲೇ ಬಿಟ್ಟು, ರಾತ್ರಿಗೆ ಬೇಕಾದ್ದಷ್ಟನ್ನು ಮೆತ್ತನೆ ಬ್ಯಾಗಿನಲ್ಲಿ ತಗೊಂಡು ಹೋಗಿ. ರಾತ್ರಿ ಎದ್ದಾಗ ಅತ್ತೆಯವರ ಕೈಗೆ ಒಂದು ಸಣ್ಣ ಟಾರ್ಚ್ ಇರಲಿ. ಹಳೇ ಕಟ್ಟಡದಲ್ಲಿ ದೀಪದ ಸ್ವಿಚ್ಚು ಮಂಚದ ಹತ್ತಿರ ಇರುತ್ತೆ ಅನ್ನೋ ಭರವಸೆ ಇಲ್ಲ, ಬಾಗಿಲ ಆಚೆ ಇದ್ದದ್ದನ್ನೂ ನೋಡಿದ್ದೀನಿ.

ಓದುಗಿತ್ತಿ:

ಇಷ್ಟ್ರೆಮೋಶ್‌ಗೆ ಮೇಲ್ ಹಾಕಿದ್ದೀನಿ: ಮಂಗಳವಾರ, ಬುಧವಾರ, ಕೆಳ ಮಹಡಿ, ಮದುವೆ ಇದೆಯಾ, ಹಿಡಿಕೆ ಯಾವ ಕಡೆ, ಬಾತ್‌ರೂಮಿಗೆ ಮೆಟ್ಟಿಲಿದೆಯಾ. ಉತ್ತರ ಬಂದ ಕೂಡಲೇ ಇಲ್ಲೇ ಹಾಕ್ತೀನಿ. ಯಜಮಾನರು ವೈಫೈ ಬಗ್ಗೆ ಕೊನೆಗೆ ಒಂದು ಸಾಲು ಸೇರಿಸು ಅಂದರು, ಸೇರಿಸಲಿಲ್ಲ.